ಟೊಮೆಟೊ ಜ್ವರದ ಜಾಡು: ಎಂಟೆರೋವೈರಸ್ ಹಬ್ಬಿದಾಗ ಅಂಗನವಾಡಿಯಿಂದ ವಂಶವೃಕ್ಷದವರೆಗೆ

ದನಗಳಿಗೆ ಬರುವ ಕಾಲುಬಾಯಿ ಜ್ವರ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಮಕ್ಕಳ ಕೈ-ಕಾಲು-ಬಾಯಿ ರೋಗ ಅದಲ್ಲ ಎಂದು ಬಿಡಿಸಿ ಹೇಳುವುದರಲ್ಲೇ ಆಶಾ ಕಾರ್ಯಕರ್ತೆಯ ಅರ್ಧ ದಿನ ಕಳೆದುಹೋಗುತ್ತದೆ. ಎರಡರ ವೈರಾಣುಗಳೂ ಪಿಕಾರ್ನಾ ಎಂಬ ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು ಎನ್ನುವುದು ನಿಜ. ಆದರೆ ಮಗುವಿನ ಅಂಗೈಯ ಗುಳ್ಳೆಗೂ ಕೊಟ್ಟಿಗೆಯ ಹಸುವಿಗೂ ಸಂಬಂಧವಿಲ್ಲ. ಇದರ ಮೇಲೆ 2022ರಲ್ಲಿ ಇನ್ನೊಂದು ಹೆಸರು ಬಂದು ಕೂತಿತು. ಆ ವರ್ಷ ಮೇ ತಿಂಗಳಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಪುಟ್ಟ ಮಕ್ಕಳಲ್ಲಿ ಜ್ವರ ಮತ್ತು ಕೆಂಪು ಗುಳ್ಳೆ ಕಾಣಿಸಿದ್ದೇ ತಡ, ‘ಟೊಮೆಟೊ ಜ್ವರ’ ಸುದ್ದಿಯಾಯಿತು. ಜುಲೈ ಕೊನೆಯ ಹೊತ್ತಿಗೆ ಐದು ವರ್ಷದೊಳಗಿನ 82ಕ್ಕೂ ಹೆಚ್ಚು ಮಕ್ಕಳಲ್ಲಿ ಅದು ವರದಿಯಾಗಿತ್ತು. ಕರ್ನಾಟಕದ ಗಡಿ ಜಿಲ್ಲೆಗಳಲ್ಲೂ ಕಟ್ಟೆಚ್ಚರ. ಹೊಸ ರೋಗವೆಂದು ಕೆಲವರು, ಡೆಂಗಿ ಅಥವಾ ಚಿಕುನ್‌ಗುನ್ಯಾದ ಬಾಲವೆಂದು ಕೆಲವರು ಊಹಿಸಿದರು. ಕೇರಳದಲ್ಲಿ ರಜೆ ಕಳೆದು ಬ್ರಿಟನ್ನಿಗೆ ಮರಳಿದ್ದ ಇಬ್ಬರು ಮಕ್ಕಳ ಮಾದರಿಯಿಂದ ಸ್ಪಷ್ಟ ಉತ್ತರವೊಂದು ಸಿಕ್ಕಿತು: ಕಾಕ್ಸಾಕಿ ಎ16 ಎಂಬ ಎಂಟೆರೋವೈರಸ್. ಕೈ-ಕಾಲು-ಬಾಯಿ ರೋಗದ ಹಳೆಯ, ಪರಿಚಿತ ಕಾರಣ. ಅದೇ ಕೇರಳದ ಕಲ್ಲಿಕೋಟೆಯಲ್ಲಿ ಈ ರೋಗ 2003ರಲ್ಲೇ ಹಬ್ಬಿ ದಾಖಲಾಗಿತ್ತು.

ಅಂಥ ಉತ್ತರವನ್ನು ಊರಿನಲ್ಲೇ, ಬೇಗ ಪಡೆಯುವುದು ಹೇಗೆ ಎಂಬುದೇ ಈ ಮಾರ್ಗದರ್ಶಿಯ ವಿಷಯ. ಜಿಲ್ಲೆಯ ರೋಗ ಸರ್ವೇಕ್ಷಣೆಯಲ್ಲಿರುವ ವೈದ್ಯರು, ವೈರಾಣು ಪ್ರಯೋಗಾಲಯದ ತಂತ್ರಜ್ಞರು, ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ನನ್ನ ಹಟ ಒಂದೇ: ಊರು, ವಯಸ್ಸು, ರೋಗ ಶುರುವಾದ ದಿನ ಇಲ್ಲದ ಜೀನ್ ಸರಣಿ (ವೈರಾಣುವಿನ ಜೀನಿನಲ್ಲಿರುವ ರಾಸಾಯನಿಕ ಅಕ್ಷರಗಳ ಸಾಲು) ಸರ್ವೆ ನಂಬರ್ ಇಲ್ಲದ ಪಹಣಿಯಿದ್ದಂತೆ. ಅಕ್ಷರವೆಲ್ಲ ಸರಿಯಿದ್ದರೂ ಜಮೀನು ಯಾವುದೆಂದು ತಿಳಿಯುವುದಿಲ್ಲ.

ಹಂತ 1: ಮನೆತನದ ಪರಿಚಯ

ಎಂಟೆರೋವೈರಸ್ ಸುಮಾರು 7,400 ಅಕ್ಷರಗಳ ಆರ್‌ಎನ್‌ಎ ವೈರಾಣು. ಮನುಷ್ಯರನ್ನು ಕಾಡುವವುಗಳನ್ನು ಮುಖ್ಯವಾಗಿ ಎ, ಬಿ, ಸಿ, ಡಿ ಎಂದು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದ್ದಾರೆ. ಕೈ-ಕಾಲು-ಬಾಯಿ ರೋಗ ತರುವ ಕಾಕ್ಸಾಕಿ ಎ16, ಎ6, ಎ10 ಮತ್ತು ಎಂಟೆರೋವೈರಸ್ ಎ71 ಇವೆಲ್ಲ ‘ಎ’ಗೆ ಸೇರುತ್ತವೆ. ಮಿದುಳು ಪೊರೆಯ ಉರಿಯೂತ ತರುವ ಎಕೋ ವೈರಾಣುಗಳು ‘ಬಿ’ಯಲ್ಲಿವೆ. ಪೋಲಿಯೊ ‘ಸಿ’ಯಲ್ಲಿದೆ. ನಾವು ಮದ್ರಾಸ್ ಐ ಎನ್ನುವ ಕಣ್ಣುಬೇನೆಗೆ ಹಲವು ಬಾರಿ ಕಾರಣವಾಗುವ ಕಾಕ್ಸಾಕಿ ಎ24ರ ರೂಪಾಂತರವೂ ಪೋಲಿಯೊದ ದಾಯಾದಿಯೇ. ಉಸಿರಾಟದ ತೊಂದರೆ ತರುವ ಡಿ68, ಹೆಸರೇ ಹೇಳುವಂತೆ, ‘ಡಿ’.

‘ಎಂಟೆರೋ’ ಎಂದರೆ ಕರುಳು, ಹಾಗಾಗಿ ಹೆಸರು ಕೇಳಿದರೆ ಎಲ್ಲವೂ ಕರುಳಿನ ವೈರಾಣು ಅನ್ನಿಸುತ್ತದೆ. ಆದರೆ ಡಿ68 ಆಮ್ಲಕ್ಕೆ ತಡೆಯುವುದಿಲ್ಲ, ಮಲದಲ್ಲಿ ಸಿಗುವುದು ಅಪರೂಪ. ಅದನ್ನು ಮೂಗು-ಗಂಟಲಲ್ಲಿ ಹುಡುಕಬೇಕು. ನೆಗಡಿಯ ರೈನೋವೈರಸ್ ಕೂಡ ಇದೇ ಕುಲದ್ದು. ಇದನ್ನು ನೆನಪಿಡಿ, ಮುಂದೆ ಪಿಸಿಆರ್ (ವೈರಾಣುವಿನ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ಹುಡುಕುವ ಪರೀಕ್ಷೆ) ಹಂತದಲ್ಲಿ ಇದೇ ಕಾಲಿಗೆ ತೊಡರುತ್ತದೆ.

ಹಂತ 2: ಯಾರನ್ನು ಎಣಿಸಬೇಕು, ಏನು ಬರೆದುಕೊಳ್ಳಬೇಕು

ಮೊದಲು ಪ್ರಕರಣದ ವ್ಯಾಖ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆದು ಎಲ್ಲರಿಗೂ ಕೊಡಿ. ಉದಾಹರಣೆಗೆ: ಹತ್ತು ವರ್ಷದೊಳಗಿನ ಮಗು, ಬಾಯಲ್ಲಿ ಹುಣ್ಣು, ಜೊತೆಗೆ ಅಂಗೈ, ಅಂಗಾಲು, ಮೊಣಕಾಲು ಅಥವಾ ಪೃಷ್ಠದ ಮೇಲೆ ಗುಳ್ಳೆ, ಜ್ವರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಡುವೆ ವ್ಯಾಖ್ಯೆ ಬದಲಿಸಿದರೆ ರೋಗ ಏರಿತೋ ಎಣಿಕೆ ಏರಿತೋ ಎನ್ನುವುದೇ ಗೊತ್ತಾಗದೆ ಹೋಗುತ್ತದೆ.

ಸೀತಾಳೆ ಸಿಡುಬಿನಿಂದ ಇದನ್ನು ಬೇರ್ಪಡಿಸುವುದು ಮುಖ್ಯ. ಸೀತಾಳೆ ಸಾಮಾನ್ಯವಾಗಿ ಎದೆ, ಬೆನ್ನಿನಿಂದ ಶುರುವಾಗುತ್ತದೆ, ತುರಿಕೆ ಹೆಚ್ಚು, ಮತ್ತು ಒಂದೇ ಸಮಯದಲ್ಲಿ ಹೊಸ ಗುಳ್ಳೆ, ಒಡೆದ ಗುಳ್ಳೆ, ಹಕ್ಕಳೆ ಎಲ್ಲವೂ ಕಾಣುತ್ತವೆ. ಆದರೆ ಕಾಕ್ಸಾಕಿ ಎ6 ಈ ಸೂತ್ರವನ್ನು ಮುರಿಯುತ್ತದೆ. ಅದು ಬಾಯಿಯ ಸುತ್ತ, ತೋಳು, ತೊಡೆಗಳ ಮೇಲೆಲ್ಲ ದೊಡ್ಡ ಗುಳ್ಳೆ ಎಬ್ಬಿಸಿ ನುರಿತ ವೈದ್ಯರನ್ನೂ ಯಾಮಾರಿಸುತ್ತದೆ. ‘ಅಮ್ಮ ಆಗಿದೆ’ ಎಂದು ಮನೆಯವರು ಬೇವಿನ ಸೊಪ್ಪು ಕಟ್ಟಿ ಮಗುವನ್ನು ಒಳಗೇ ಇಟ್ಟುಕೊಂಡರೆ ಆ ಪ್ರಕರಣ ಆಸ್ಪತ್ರೆಯ ಪುಸ್ತಕಕ್ಕೆ ಬರುವುದೇ ಇಲ್ಲ. ಆದ್ದರಿಂದ ಆಸ್ಪತ್ರೆಯ ಲೆಕ್ಕವನ್ನಷ್ಟೇ ನಂಬಬೇಡಿ. ಅಂಗನವಾಡಿಯ ಹಾಜರಿ ಪುಸ್ತಕ ನೋಡಿ. ವಾರದಲ್ಲಿ ಐದಾರು ಮಕ್ಕಳು ಒಟ್ಟಿಗೆ ಗೈರಾಗಿದ್ದರೆ ಅಲ್ಲಿಂದಲೇ ಹುಡುಕಾಟ ಶುರು ಮಾಡಿ.

ಇನ್ನು ಪಟ್ಟಿ. ಒಂದು ಮಗುವಿಗೆ ಒಂದು ಸಾಲು. ವಯಸ್ಸನ್ನು ತಿಂಗಳಲ್ಲಿ ಬರೆಯಿರಿ. ಊರು, ಬಡಾವಣೆ, ಅಂಗನವಾಡಿ ಅಥವಾ ಶಾಲೆ, ಗುಳ್ಳೆ ಎಲ್ಲೆಲ್ಲಿದೆ, ಆಸ್ಪತ್ರೆಗೆ ಸೇರಿಸಿದ್ದಾರೆಯೇ, ಕಳೆದ ಎರಡು ವಾರಗಳಲ್ಲಿ ಎಲ್ಲಿಗೆ ಹೋಗಿದ್ದರು, ಮನೆಯಲ್ಲಿ ಇನ್ಯಾರಿಗೆ ಬಂದಿದೆ. ಕೊನೆಯ ಬಾರಿ ಪೋಲಿಯೊ ಹನಿ ಹಾಕಿಸಿದ್ದು ಯಾವಾಗ ಎಂಬ ಕಲಮನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಕಾರಣ ನಾಲ್ಕನೆಯ ಹಂತದಲ್ಲಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ರೋಗ ಶುರುವಾದ ದಿನ. ಆಸ್ಪತ್ರೆಗೆ ಬಂದ ದಿನವಲ್ಲ, ಮೊದಲ ಲಕ್ಷಣ ಕಂಡ ದಿನ. ತಾರೀಕು ಕೇಳಿದರೆ ತಾಯಂದಿರು ‘ಮೂರ‍್ನಾಲ್ಕು ದಿನ ಆಯಿತು’ ಎನ್ನುತ್ತಾರೆ. ‘ಸಂತೆಯ ದಿನ ಮಗು ಚೆನ್ನಾಗಿತ್ತೇ? ಮಾರನೆಯ ದಿನ ಊಟ ಮಾಡಿತೇ?’ ಎಂದು ಕೇಳಿ ನೋಡಿ, ಖಚಿತ ದಿನವೇ ಸಿಗುತ್ತದೆ. ಸೋಂಕು ಅಂಟಿ ಲಕ್ಷಣ ಕಾಣುವವರೆಗಿನ ಕಾವು ಅವಧಿ ಈ ರೋಗದಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ದಿನ. ಶುರುವಾದ ದಿನ ಸರಿಯಿದ್ದರೆ ಜಾತ್ರೆಯಲ್ಲಿ ಅಂಟಿತೋ ಮದುವೆಮನೆಯಲ್ಲಿ ಅಂಟಿತೋ ಹಿಂದಕ್ಕೆ ಎಣಿಸಬಹುದು.

ಒಂದೆರಡು ತಿಂಗಳ ನಂತರ ಅದೇ ಮನೆಗಳಿಗೆ ಮತ್ತೊಮ್ಮೆ ಫೋನ್ ಮಾಡಿ, ಮಗುವಿನ ಉಗುರು ಕಳಚಿತೇ ಎಂದು ಕೇಳಿ. 2008ರಲ್ಲಿ ಫಿನ್ಲೆಂಡಿನಲ್ಲಿ ಕಾಕ್ಸಾಕಿ ಎ6 ಹಬ್ಬಿದಾಗ ಅದರ ಗುರುತಾಗಿ ಉಳಿದದ್ದೇ ಹೀಗೆ ಉದುರಿದ ಉಗುರುಗಳು. ಪ್ರಯೋಗಾಲಯದ ಖರ್ಚಿಲ್ಲದೆ ಸಿಗುವ ಸುಳಿವು ಇದು.

ಹಂತ 3: ಮಾದರಿ

ಎಲ್ಲ ಮಕ್ಕಳಿಂದಲೂ ಮಾದರಿ ಬೇಕಿಲ್ಲ. ಒಂದು ಗುಂಪಿಗೆ ಐದರಿಂದ ಹತ್ತು ಸಾಕು, ಆದರೆ ಆಯ್ಕೆಯಲ್ಲಿ ಬುದ್ಧಿ ಬೇಕು: ಮೊದಲು ಬಿದ್ದವರು, ನಡುವಿನವರು, ಕೊನೆಯವರು, ಬೇರೆ ಬೇರೆ ಊರಿನವರು. ಆಸ್ಪತ್ರೆ ಸೇರಿದ ಪ್ರತಿ ಮಗುವಿನ ಮಾದರಿಯನ್ನಂತೂ ತಪ್ಪದೆ ತೆಗೆದುಕೊಳ್ಳಿ.

ಗುಳ್ಳೆಯ ದ್ರವವೇ ಉತ್ತಮ ಸಾಕ್ಷಿ. ಅಲ್ಲಿ ಸಿಕ್ಕ ವೈರಾಣುವೇ ಆ ಗುಳ್ಳೆ ಎಬ್ಬಿಸಿದ್ದು ಎಂದು ಧೈರ್ಯವಾಗಿ ಹೇಳಬಹುದು. ಅಂಗಾಲಿನ ಗುಳ್ಳೆ ದಪ್ಪ ಚರ್ಮದಡಿ ಅಡಗಿರುತ್ತದೆ. ಪಾದದ ಅಂಚಿನಲ್ಲೋ ಬೆರಳ ಸಂದಿಯಲ್ಲೋ ತಿಳಿಯಾದ, ಒಡೆಯದ ಗುಳ್ಳೆ ಹುಡುಕಿ ಶುದ್ಧವಾದ ಸೂಜಿಯಿಂದ ಚುಚ್ಚಿ, ಸ್ವಾಬನ್ನು ತಳಕ್ಕೆ ಒತ್ತಿ ಹೊರಳಿಸಿ. ಎರಡನೆಯ ಆಯ್ಕೆ ಗಂಟಲ ಸ್ವಾಬ್. ಮಲದಲ್ಲಿ ವೈರಾಣು ವಾರಗಟ್ಟಲೆ ಇರುತ್ತದೆ, ಹಾಗಾಗಿ ಸುಲಭವಾಗಿ ಸಿಗುತ್ತದೆ. ಆದರೆ ಅದು ಈ ಜ್ವರದ್ದೋ ಕಳೆದ ತಿಂಗಳ ಅತಿಥಿಯೋ ಹೇಳುವುದು ಕಷ್ಟ. ಕಟ್ಟಿಗೆ ಕಡ್ಡಿಯ ಹತ್ತಿ ಸ್ವಾಬ್ ಬೇಡ, ಸಿಂಥೆಟಿಕ್ ಸ್ವಾಬ್ ಬಳಸಿ. ವೈರಾಣು ಸಾಗಣೆ ದ್ರಾವಣದಲ್ಲಿ ಮುಳುಗಿಸಿ 2ರಿಂದ 8 ಡಿಗ್ರಿಯಲ್ಲಿ ಸಾಗಿಸಿ. ಬಹಳ ದಿನ ಇಡುವುದಾದರೆ ಮೈನಸ್ 70ಕ್ಕಿಂತ ಕೆಳಗೆ.

ಲೇಬಲ್ ಬಗ್ಗೆ ಒಂದು ಮಾತು. ಒಮ್ಮೆ ನನ್ನ ಕೈಗೆ ಬಂದ ಐಸ್ ಪೆಟ್ಟಿಗೆಯಲ್ಲಿ ಹನ್ನೆರಡು ಬಾಟಲಿಗಳಿದ್ದವು. ಮಂಜುಗಡ್ಡೆ ಕರಗಿ, ಬಾಲ್‌ಪೆನ್ನಿನಲ್ಲಿ ಬರೆದಿದ್ದ ಕಾಗದದ ಚೀಟಿಗಳು ನೆನೆದು ತಳದಲ್ಲಿ ಮುದ್ದೆಯಾಗಿ ಕೂತಿದ್ದವು. ಎಂಟರಲ್ಲಿ ವೈರಾಣು ಸಿಕ್ಕಿತು, ಸರಣಿಯೂ ಚೆನ್ನಾಗಿ ಬಂತು. ಯಾವ ಮಗುವಿನದು, ಯಾವ ಊರಿನದು ಎಂದು ಮಾತ್ರ ಇಂದಿಗೂ ತಿಳಿದಿಲ್ಲ. ಅಳಿಸದ ಶಾಯಿಯಲ್ಲಿ, ಮುಚ್ಚಳದ ಮೇಲಲ್ಲ, ಬಾಟಲಿಯ ಮೈಮೇಲೆ ಬರೆಯಿರಿ.

ಹಂತ 4: ಇದೆಯೋ ಇಲ್ಲವೋ

ಮೊದಲ ಪಿಸಿಆರ್ ಜೀನೋಮಿನ, ಅಂದರೆ ವೈರಾಣುವಿನ ಇಡೀ ಅಕ್ಷರಸಾಲಿನ ಆರಂಭದಲ್ಲಿರುವ, ಪ್ರೋಟೀನ್ ತಯಾರಿಸದ ಭಾಗವನ್ನು ಹುಡುಕುತ್ತದೆ. ಎಲ್ಲ ಎಂಟೆರೋವೈರಸ್‌ಗಳಲ್ಲೂ ಆ ಭಾಗ ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಯಾವುದಿದ್ದರೂ ಸಿಕ್ಕಿಬೀಳುತ್ತದೆ. ಅದೇ ಕಾರಣಕ್ಕೆ ಯಾವುದು ಎಂದು ಅದು ಹೇಳಲಾರದು.

ಇಲ್ಲಿ ಎರಡು ಹಳ್ಳಗಳಿವೆ. ಗಂಟಲ ಮಾದರಿಯಲ್ಲಿ ರೈನೋವೈರಸ್ ಇದ್ದರೂ ಕೆಲವು ಪರೀಕ್ಷೆಗಳು ಪಾಸಿಟಿವ್ ತೋರಿಸುತ್ತವೆ. ಮಳೆಗಾಲದಲ್ಲಿ ಮೂಗು ಸೋರದ ಅಂಗನವಾಡಿ ಮಗು ಎಲ್ಲಿದೆ? ಎರಡನೆಯದು ಪೋಲಿಯೊ ಹನಿ. ಬಾಯಿಗೆ ಹಾಕುವ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣು, ಅದೂ ಎಂಟೆರೋವೈರಸ್ಸೇ. ಪಲ್ಸ್ ಪೋಲಿಯೊ ಭಾನುವಾರದ ನಂತರದ ವಾರಗಳಲ್ಲಿ ಮಲ ಪರೀಕ್ಷೆ ಮಾಡಿದರೆ ಆರೋಗ್ಯವಂತ ಮಕ್ಕಳೂ ಪಾಸಿಟಿವ್ ಆಗಬಹುದು. ಆ ಕಲಮು ಬೇಕಿದ್ದದ್ದು ಇದಕ್ಕೇ.

ಮುಂದೆ ಸರಣಿಯಲ್ಲಿ ಪೋಲಿಯೊ ಎಂದೇ ಬಂದರೆ ನಿಮ್ಮ ಕೆಲಸ ಅಲ್ಲಿಗೆ ನಿಲ್ಲಬೇಕು. ಭಾರತದಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡಿತ್ತು. ಪೋಲಿಯೊದ ಮೂರು ಬಗೆಗಳಲ್ಲಿ ಟೈಪ್ 2 ವೈರಾಣುವನ್ನು ಹನಿಯಿಂದ 2016ರ ಏಪ್ರಿಲ್‌ನಲ್ಲಿ ತೆಗೆಯಲಾಯಿತು. ಆದ್ದರಿಂದ ಅಂಥ ಫಲಿತಾಂಶವನ್ನು ಕೂಡಲೇ ಸರ್ವೇಕ್ಷಣಾಧಿಕಾರಿಗೆ ತಿಳಿಸಿ, ಮಾದರಿಯನ್ನು ಪೋಲಿಯೊ ಜಾಲದ ಪ್ರಯೋಗಾಲಯಕ್ಕೆ ಒಪ್ಪಿಸಿ. ನಮಗೆ ಹತ್ತಿರದ್ದು ರಾಷ್ಟ್ರೀಯ ವೈರಾಣು ಸಂಸ್ಥೆಯ ಬೆಂಗಳೂರು ಘಟಕ.

ಹಂತ 5: ಯಾವ ಬಗೆ

ವೈರಾಣುವಿನ ಹೊರಕವಚದ ವಿಪಿ1 ಎಂಬ ಪ್ರೋಟೀನಿನ ಜೀನ್ ಅದರ ಆಧಾರ್ ಕಾರ್ಡ್. ದೇಹದ ಪ್ರತಿಕಾಯಗಳು ಗುರುತು ಹಿಡಿಯುವ ಮುಖ್ಯ ಭಾಗವೂ ಅದೇ. ಎ71ರಲ್ಲಿ ಅದರ ಉದ್ದ 891 ಅಕ್ಷರ, ಅಂದರೆ 297 ಅಮೈನೋ ಆಮ್ಲ (ಪ್ರೋಟೀನಿನ ಇಟ್ಟಿಗೆಗಳು, ಮೂರು ಅಕ್ಷರಕ್ಕೆ ಒಂದು). ಮಾದರಿಯಿಂದಲೇ ನೇರವಾಗಿ ಎರಡು ಸುತ್ತಿನ ಪಿಸಿಆರ್ ಮಾಡಿ ವಿಪಿ1ರ ಸುಮಾರು 350 ಅಕ್ಷರಗಳ ತುಣುಕು ಪಡೆದರೆ ಬಗೆ ಗುರುತಿಸಲು ಸಾಕು. ವಂಶವೃಕ್ಷ ಬೇಕೆಂದರೆ ಪೂರ್ತಿ ವಿಪಿ1 ಬೇಕು.

ಸ್ಯಾಂಗರ್ ಎಂಬ ವಿಧಾನದಲ್ಲಿ ಓದಿಸಿದ ಸರಣಿ ಬಂದಾಗ ಕಂಪ್ಯೂಟರ್ ಓದಿದ ಅಕ್ಷರಗಳನ್ನಷ್ಟೇ ನೋಡಿ ಮುಂದೆ ಹೋಗಬೇಡಿ. ಬಣ್ಣದ ಅಲೆಗಳ ಚಿತ್ರ ತೆರೆದು ಎರಡೂ ದಿಕ್ಕಿನ ಓದನ್ನು ಹೋಲಿಸಿ. ಒಂದೇ ಜಾಗದಲ್ಲಿ ಎರಡು ಅಲೆಗಳು ಸಮನಾಗಿ ಎದ್ದಿದ್ದರೆ ಎರಡು ವೈರಾಣು ಬೆರೆತಿರಬಹುದು. ಎರಡೂ ತುದಿಗಳಲ್ಲಿ ಪ್ರೈಮರ್ (ಪಿಸಿಆರ್ ಶುರುಮಾಡಲು ಹಾಕುವ ಸಿದ್ಧ ತುಣುಕು) ಕೂತ ಭಾಗವನ್ನು ಕತ್ತರಿಸಿ ಎಸೆಯಿರಿ. ಆ ಅಕ್ಷರಗಳು ವೈರಾಣುವಿನವಲ್ಲ, ನೀವು ಹಣ ಕೊಟ್ಟು ತರಿಸಿದವು.

ಉಳಿದ ಸರಣಿಯನ್ನು ನೆದರ್ಲೆಂಡ್ಸ್‌ನ ಆರ್‌ಐವಿಎಂ ಸಂಸ್ಥೆಯ ಉಚಿತ ಎಂಟೆರೋವೈರಸ್ ಗುರುತಿಸುವ ಉಪಕರಣಕ್ಕೂ, ಹಳೆಯ ಸರಣಿಗಳ ಭಂಡಾರದಲ್ಲಿ ಹೋಲಿಕೆ ಹುಡುಕುವ ಬ್ಲಾಸ್ಟ್‌ಗೂ ಕೊಡಿ. ಪರಿಚಿತ ಬಗೆಯೊಂದಿಗೆ ವಿಪಿ1ರ ನ್ಯೂಕ್ಲಿಯೋಟೈಡ್‌ಗಳು, ಅಂದರೆ ಅಕ್ಷರಗಳು, ಶೇ 75ಕ್ಕಿಂತ ಹೆಚ್ಚು ಹೊಂದಿದರೆ ಅದೇ ಬಗೆ. ಶೇ 70ಕ್ಕಿಂತ ಕಡಿಮೆಯಾದರೆ ಬೇರೆ. ನಡುವಿನ ಐದು ಅಂಶ ಮಬ್ಬು ಪ್ರದೇಶ, ಅಲ್ಲಿ ಅಮೈನೋ ಆಮ್ಲಗಳನ್ನು ಹೋಲಿಸಿ, ಪೂರ್ಣ ಜೀನೋಮ್ ನೋಡಿ ತೀರ್ಮಾನಿಸಬೇಕು.

ಹಂತ 6: ಅಕ್ಷರ ಬದಲಾದರೆ ಏನಾಯಿತು

ಇದು ನನಗೆ ಅತ್ಯಂತ ಪ್ರೀತಿಯ ಭಾಗ. ಎರಡು ಸರಣಿಗಳನ್ನು ಮೇಲೆ ಕೆಳಗೆ ಜೋಡಿಸಿ. ಒಂದರಲ್ಲಿ ಜಿಜಿಟಿ, ಇನ್ನೊಂದರಲ್ಲಿ ಜಿಜಿಸಿ ಎಂದಿದ್ದರೆ ಎರಡೂ ಗ್ಲೈಸೀನ್ ಎಂಬ ಒಂದೇ ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಕಾಗುಣಿತ ಬದಲಾಯಿತು, ಮಾತು ಬದಲಾಗಲಿಲ್ಲ. ಎಂಟೆರೋವೈರಸ್‌ಗಳಲ್ಲಿ ಕಾಣುವ ಬಹುಪಾಲು ಬದಲಾವಣೆ ಇಂಥವೇ. ಇವು ಸಾಮಾನ್ಯವಾಗಿ ರೋಗವನ್ನು ಉಗ್ರಗೊಳಿಸುವುದಿಲ್ಲ, ಆದರೆ ಜಾಡು ಹಿಡಿಯಲು ಇವುಗಳಷ್ಟು ಉಪಕಾರಿ ಬೇರೆಯಿಲ್ಲ.

ಇನ್ನೊಂದೆಡೆ ಜಿಎಜಿ ಹೋಗಿ ಜಿಜಿಜಿ ಬಂದಿದೆ ಎನ್ನಿ. ಗ್ಲುಟಾಮಿಕ್ ಆಮ್ಲ ಹೋಗಿ ಗ್ಲೈಸೀನ್ ಬಂತು. ಎ71ರ ವಿಪಿ1ರಲ್ಲಿ 145ನೆಯ ಸ್ಥಾನದಲ್ಲಿ ಹೀಗಾದರೆ ವೈರಾಣು ಬಿಳಿ ರಕ್ತಕಣಗಳ ಮೇಲ್ಮೈಯ ಒಂದು ಗ್ರಾಹಕಕ್ಕೆ (ವೈರಾಣು ಹಿಡಿದುಕೊಳ್ಳುವ ಕೊಂಡಿಗೆ) ಅಂಟುವ ಬಗೆಯೇ ಬದಲಾಗುತ್ತದೆ. ಆದರೆ ಅದೇ ಸ್ಥಾನ ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸುವಾಗಲೂ ಬದಲಾಗುತ್ತದೆ! ಬೆಳೆಸಿದ ವೈರಾಣುವಿನಲ್ಲಿ ಅದನ್ನು ಕಂಡು ‘ಅಪಾಯಕಾರಿ ರೂಪಾಂತರ’ ಎಂದು ಪತ್ರಿಕಾಗೋಷ್ಠಿ ಕರೆದರೆ ನಗೆಪಾಟಲಾಗುವುದು ಖಂಡಿತ. ಮಗುವಿನ ಮೂಲ ಮಾದರಿಯಲ್ಲಿ ಮತ್ತೆ ನೋಡಿ.

ಹಂತ 7: ವಂಶವೃಕ್ಷ

ನಿಮ್ಮ ಸರಣಿಗಳ ಜೊತೆ ಮೂರು ಬಗೆಯ ಸರಣಿ ಸೇರಿಸಿ: ಸರಣಿಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕಿನಲ್ಲಿ ಅತಿ ಹತ್ತಿರದವು, ಪ್ರತಿ ಉಪತಳಿಗೂ (ಒಂದೇ ಬಗೆಯೊಳಗಿನ ಕವಲಿಗೂ) ಒಂದೆರಡು ಪ್ರತಿನಿಧಿಗಳು, ಮತ್ತು ಭಾರತದ ಹಳೆಯ ಸರಣಿಗಳು ಸಿಕ್ಕಷ್ಟು. ಮಾಫ್ಟ್ ತಂತ್ರಾಂಶದಲ್ಲಿ ಜೋಡಿಸಿ, ಐಕ್ಯೂ-ಟ್ರೀ ಅಥವಾ ಮೆಗಾ ತಂತ್ರಾಂಶದಲ್ಲಿ ವೃಕ್ಷ ಕಟ್ಟಿ. ಕೊಂಬೆ ಎಷ್ಟು ನಂಬಲರ್ಹ ಎಂದು ನೂರಕ್ಕೆ ಹೇಳುವ ಬೂಟ್‌ಸ್ಟ್ರಾಪ್ ಅಂಕ ಅದರ ಬುಡದಲ್ಲಿ 70ಕ್ಕಿಂತ ಕಡಿಮೆಯಿದ್ದರೆ ಆ ಕೊಂಬೆಯ ಮೇಲೆ ಭಾರ ಹಾಕಬೇಡಿ.

ಉಪತಳಿ ನೋಡುವುದು ಏಕೆ ಎಂಬುದಕ್ಕೆ ತೈವಾನಿಗಿಂತ ಒಳ್ಳೆಯ ಪಾಠವಿಲ್ಲ. ಅಲ್ಲಿ 1998ರಲ್ಲಿ ಎ71 ಹಬ್ಬಿದಾಗ 1,29,106 ಪ್ರಕರಣಗಳು ವರದಿಯಾದವು, 405 ಮಕ್ಕಳು ಗಂಭೀರ ಸ್ಥಿತಿಗೆ ಹೋದರು, 78 ಮಕ್ಕಳು ತೀರಿಕೊಂಡರು. ಆಗ ಪ್ರಬಲವಾಗಿದ್ದದ್ದು ಸಿ2 ಉಪತಳಿ (ಈ ಅಕ್ಷರಗಳು ಎ71ರ ಒಳಗಿನ ಕವಲುಗಳವು, ಹಂತ 1ರ ಪ್ರಭೇದಗಳಲ್ಲ). ಮುಂದಿನ ಅಲೆಗಳಲ್ಲಿ ಬಿ4, ಸಿ4, 2008ರಲ್ಲಿ ಬಿ5 ಹೀಗೆ ಒಂದು ಹೋಗಿ ಇನ್ನೊಂದು ಬಂತು. ರೋಗದ ಹೆಸರು ಬದಲಾಗಲಿಲ್ಲ, ಒಳಗಿದ್ದ ವೈರಾಣು ಮಾತ್ರ ಪ್ರತಿ ಸಲ ಬೇರೆ. ಸರಣಿ ಓದದಿದ್ದರೆ ಹಳೆಯದೇ ಮರುಕಳಿಸಿತು ಎಂದುಕೊಳ್ಳುತ್ತಿದ್ದರು.

ಭಾರತದ ಕಥೆ ಬೇರೆ. ಎ71ರ ಡಿ ಮತ್ತು ಜಿ ಎಂಬ ಗುಂಪುಗಳನ್ನು ಗುರುತಿಸಿದ್ದು ಇಲ್ಲಿನ ಮಾದರಿಗಳಿಂದ. ಅದಕ್ಕೆ ನೆರವಾದದ್ದು ಪೋಲಿಯೊ ಹುಡುಕಲು ಪಾರ್ಶ್ವವಾಯು ಪೀಡಿತ ಮಕ್ಕಳಿಂದ ಸಂಗ್ರಹಿಸಿದ ಮಲ. ಪೋಲಿಯೊ ಅಲ್ಲವೆಂದು ಪಕ್ಕಕ್ಕಿಟ್ಟ ಡಬ್ಬಗಳಲ್ಲೇ ಹೊಸ ಗುಂಪುಗಳಿದ್ದವು.

ವೃಕ್ಷ ಓದುವಾಗ ಎಲ್ಲರೂ ಎಡವುವ ಕಲ್ಲೊಂದಿದೆ. ನಿಮ್ಮ ವೈರಾಣುವಿಗೆ ಅತಿ ಹತ್ತಿರದ್ದು ಚೀನಾದ ಸರಣಿ ಎಂದು ಬಂದರೆ ಅದು ಚೀನಾದಿಂದ ಬಂತೆಂದು ಅರ್ಥವಲ್ಲ. ಅಲ್ಲಿ ಸಾವಿರಗಟ್ಟಲೆ ಸರಣಿ ಓದಿ ಜೆನ್‌ಬ್ಯಾಂಕಿಗೆ ಹಾಕಿದ್ದಾರೆ, ಪಕ್ಕದ ಜಿಲ್ಲೆಯವರು ಒಂದನ್ನೂ ಹಾಕಿಲ್ಲ, ಅಷ್ಟೇ. ದೀಪ ಇರುವ ಕಡೆಯೇ ಕಾಣುವುದು.

ಹಂತ 8: ಗಡಿಯಾರದ ಲೆಕ್ಕ

ಎ71ರ ವಿಪಿ1ರಲ್ಲಿ ವರ್ಷಕ್ಕೆ ಪ್ರತಿ ಸಾವಿರ ಅಕ್ಷರಕ್ಕೆ ನಾಲ್ಕೈದು ಬದಲಾಗುತ್ತವೆ. 891 ಅಕ್ಷರಕ್ಕೆ ವರ್ಷಕ್ಕೆ ಸುಮಾರು ನಾಲ್ಕು ಎಂದಿಟ್ಟುಕೊಳ್ಳಿ. ಒಂದೇ ವಾರದಲ್ಲಿ ತೆಗೆದ ಇಬ್ಬರು ಮಕ್ಕಳ ಸರಣಿಯಲ್ಲಿ 12 ವ್ಯತ್ಯಾಸ ಕಂಡರೆ, ಎರಡೂ ಕವಲಿನಲ್ಲಿ ತಲಾ ಆರು ಬದಲಾವಣೆ. ಆರನ್ನು ನಾಲ್ಕರಿಂದ ಭಾಗಿಸಿ: ಅವುಗಳ ಪೂರ್ವಜ ಸುಮಾರು ಒಂದೂವರೆ ವರ್ಷ ಹಿಂದಿನದು. ಆ ಇಬ್ಬರು ಒಂದೇ ಅಂಗನವಾಡಿಯಲ್ಲಿದ್ದರೂ ಒಬ್ಬರಿಂದೊಬ್ಬರಿಗೆ ಅಂಟಿಲ್ಲ. ಊರಿಗೆ ವೈರಾಣು ಎರಡು ದಾರಿಯಿಂದ ಬಂದಿರಬಹುದು.

ತಿರುಗಾಮುರುಗಾ ವಾದ ನಡೆಯುವುದಿಲ್ಲ. ಎರಡು ಸರಣಿ ಅಕ್ಷರಶಃ ಒಂದೇ ಎಂದ ಮಾತ್ರಕ್ಕೆ ಈ ಮಗುವಿನಿಂದ ಆ ಮಗುವಿಗೆ ಬಂತು ಎನ್ನಲಾಗದು. ಮೂರು ತಿಂಗಳಿಗೆ ಒಂದು ಬದಲಾವಣೆಯಾಗುವ ಗಡಿಯಾರದಲ್ಲಿ ವಾರದ ಲೆಕ್ಕ ಕಾಣುವುದಿಲ್ಲ. ಪೂರ್ಣ ಜೀನೋಮ್ ಓದಿದರೆ ತಿಂಗಳಿಗೆ ಎರಡರಷ್ಟು ಸಿಗುತ್ತವೆ, ಆಗ ಮುಳ್ಳು ಸ್ವಲ್ಪ ಸ್ಪಷ್ಟ. ನಿಖರ ಕಾಲ ಬೇಕಿದ್ದರೆ ಟೆಂಪ್‌ಎಸ್ಟ್ ತಂತ್ರಾಂಶದಲ್ಲಿ ಗಡಿಯಾರದ ಲಕ್ಷಣ, ಅಂದರೆ ಕಾಲ ಕಳೆದಂತೆ ಬದಲಾವಣೆ ಒಂದೇ ಸಮನೆ ಏರುವುದು, ಇದೆಯೇ ಎಂದು ಪರೀಕ್ಷಿಸಿ, ನಂತರ ಬೀಸ್ಟ್ ತಂತ್ರಾಂಶಕ್ಕೆ ಹೋಗಿ.

ಹಂತ 9: ಬೆರಕೆ

ಒಂದೇ ಜೀವಕೋಶಕ್ಕೆ ಎರಡು ಎಂಟೆರೋವೈರಸ್ ಹೊಕ್ಕರೆ ಜೀನೋಮಿನ ಮುಂಭಾಗ ಒಂದರದು, ಹಿಂಭಾಗ ಇನ್ನೊಂದರದು ಆಗಿ ಹೊಸದು ಹುಟ್ಟಬಹುದು. ಕವಚದ ಭಾಗದಲ್ಲಿ ಇದು ಅಪರೂಪ, ಹಿಂಭಾಗದಲ್ಲಿ ಸಾಮಾನ್ಯ. ವಿಪಿ1 ಮಾತ್ರ ಓದುವವರಿಗೆ ಇದು ಕಾಣುವುದೇ ಇಲ್ಲ. ವಿಪಿ1ಕ್ಕೆ ಒಂದು ವೃಕ್ಷ, ವೈರಾಣುವಿನ ನಕಲು ತೆಗೆಯುವ 3ಡಿ ಭಾಗಕ್ಕೆ ಇನ್ನೊಂದು ವೃಕ್ಷ ಕಟ್ಟಿ. ಒಂದರಲ್ಲಿ ಒಟ್ಟಿಗಿದ್ದ ಮಕ್ಕಳು ಇನ್ನೊಂದರಲ್ಲಿ ಬೇರೆ ಬೇರೆ ಕೊಂಬೆಯಲ್ಲಿದ್ದರೆ ಅನುಮಾನಿಸಿ. ಬೆಸುಗೆ ಎಲ್ಲಿದೆ ಎಂದು ಸಿಮ್‌ಪ್ಲಾಟ್ ತಂತ್ರಾಂಶ ತೋರಿಸುತ್ತದೆ. 2022ರ ಜುಲೈಯಿಂದ 2023ರ ಏಪ್ರಿಲ್‌ವರೆಗೆ ಫ್ರಾನ್ಸ್‌ನಲ್ಲಿ ಎಕೋವೈರಸ್ 11ರಿಂದ ಒಂಬತ್ತು ನವಜಾತ ಶಿಶುಗಳು ತೀವ್ರವಾಗಿ ಬಳಲಿ ಏಳು ಅಸುನೀಗಿದವು. ಅದರ ಹಿಂದೆಯೂ ಅದುವರೆಗೆ ಕಾಣದ ಬೆರಕೆ ವಂಶವೊಂದಿತ್ತು. ಬೆರಕೆಯೇ ಸಾವಿಗೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ.

ಹಂತ 10: ಹೇಳಬೇಕಾದವರಿಗೆ ಹೇಳುವುದು

ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ವೃಕ್ಷದ ಚಿತ್ರವನ್ನಷ್ಟೇ ಕಳಿಸಿದರೆ ಅದು ಕಡತದಲ್ಲಿ ಮಲಗುತ್ತದೆ. ಒಂದೇ ಪುಟ ಸಾಕು. ಮೇಲೆ ವಾರವಾರು ಪ್ರಕರಣಗಳ ಕಂಬ ಚಿತ್ರ, ಪ್ರತಿ ಕಂಬದಲ್ಲಿ ವೈರಾಣುವಿನ ಬಗೆಗೊಂದು ಬಣ್ಣ. ಕೆಳಗೆ ತಾಲ್ಲೂಕಿನ ನಕ್ಷೆ, ಅದೇ ಬಣ್ಣಗಳಲ್ಲಿ. ಆಮೇಲೆ ನಾಲ್ಕು ಸಾಲು: ಯಾವ ಬಗೆ, ಒಂದೇ ದಾರಿಯಿಂದ ಬಂತೋ ಹಲವು ದಾರಿಯಿಂದಲೋ, ಎಷ್ಟು ಮಕ್ಕಳು ಆಸ್ಪತ್ರೆ ಸೇರಿದರು, ಮುಂದೇನು ಮಾಡಬೇಕು.

ಎ71 ಎಂದು ಬಂದರೆ ಬರೆಯುತ್ತಾ ಕೂರಬೇಡಿ, ಅಂದೇ ಮಕ್ಕಳ ವೈದ್ಯರಿಗೆ ಫೋನ್ ಮಾಡಿ. ಮೂರು ದಿನ ಇಳಿಯದ ಜ್ವರ, ನಿದ್ದೆಯಲ್ಲಿ ಬೆಚ್ಚಿಬೀಳುವುದು, ಮಂಪರು, ಪದೇ ಪದೇ ವಾಂತಿ ಕಂಡ ಮಗುವನ್ನು ಮನೆಗೆ ಕಳಿಸಬಾರದೆಂದು ಅವರಿಗೆ ನೆನಪಿಸಬೇಕು. ಎ71ಕ್ಕೆ ಚೀನಾದಲ್ಲಿ 2015ರಿಂದ ಪರವಾನಗಿ ಪಡೆದ ಲಸಿಕೆಗಳಿವೆ, ಆದರೆ ಅವು ಕಾಕ್ಸಾಕಿ ಎ16 ಅಥವಾ ಎ6ಕ್ಕೆ ತಡೆಯಲ್ಲ. ಬಗೆ ತಿಳಿಯುವುದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅದಕ್ಕೂ ಹೌದು.

ಅಂಗನವಾಡಿಗೆ ಹೋಗುವ ಚೀಟಿ ಇನ್ನೂ ಚಿಕ್ಕದಿರಲಿ. ಈ ವೈರಾಣುವಿಗೆ ಆಲ್ಕೋಹಾಲ್ ಕೆಡಿಸಬಲ್ಲ ಕೊಬ್ಬಿನ ಹೊದಿಕೆಯಿಲ್ಲ, ಆದ್ದರಿಂದ ಕೋವಿಡ್ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಬಾಟಲಿಯನ್ನು ನಂಬಿ ಕೂರುವಂತಿಲ್ಲ. ಸೋಪು, ಹರಿಯುವ ನೀರು, ಆಟಿಕೆ ಮತ್ತು ನೆಲಕ್ಕೆ ಬ್ಲೀಚಿಂಗ್ ದ್ರಾವಣ, ಮಲ ತೊಳೆದ ಮೇಲೆ ಸಹಾಯಕಿಯೂ ಕೈ ತೊಳೆಯುವುದು.

ಸರಣಿಗಳನ್ನು ಜೆನ್‌ಬ್ಯಾಂಕಿಗೆ ಹಾಕುವಾಗ ರಾಜ್ಯ, ಜಿಲ್ಲೆ, ಮಾದರಿ ತೆಗೆದ ತಿಂಗಳು, ಮಾದರಿಯ ಬಗೆ ಇರಲಿ. ಮಗುವಿನ ಹೆಸರು, ಆಸ್ಪತ್ರೆ ಸಂಖ್ಯೆ, ಹಳ್ಳಿಯ ಹೆಸರು ಬೇಡ. ಸಣ್ಣ ಹಳ್ಳಿಯಲ್ಲಿ ಆ ತಿಂಗಳು ಗುಳ್ಳೆ ಎದ್ದ ಮಗು ಒಂದೇ ಇರಬಹುದು. ಹಳ್ಳಿಯ ಕಲಮು ನಿಮ್ಮ ಬೀರುವಿನ ರಿಜಿಸ್ಟರಿನಲ್ಲಿರಲಿ, ಮೈನಸ್ 80ರ ಪೆಟ್ಟಿಗೆಯಲ್ಲಿಟ್ಟ ಬಾಟಲಿಯ ಸಂಖ್ಯೆಯ ಎದುರಿಗೆ.